ಬಿಸಿಲಿನ ಜಮಾ-ಖರ್ಚು

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಮಾಡಿದವರು ನಮ್ಮ ಸೀಮೆಗೆ ಒಮ್ಮೆ ಬಂದು ಹೋಗಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಶರಾವತಿ ಹುಟ್ಟುವುದು ನನ್ನ ತವರಾದ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹರಿದು ಬರುವುದು ನಾನು ಸೇರಿದ ಹೊಸನಗರ ತಾಲ್ಲೂಕಿನಲ್ಲಿ. ಲಿಂಗನಮಕ್ಕಿಯಲ್ಲಿ ನಿಂತು ಜೋಗದತ್ತ ಸಾಗುವುದು ನನ್ನ ತಂಗಿ ಸೇರಿದ ಸಾಗರ ತಾಲ್ಲೂಕಿನಲ್ಲಿ. ಜೋಗದಲ್ಲಿ ವಿದ್ಯುತ್ ಹುಟ್ಟತೊಡಗಿದ್ದು 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರ ಒಂದರ ಶಕ್ತಿಯೇ 1035 ಮೆಗಾವ್ಯಾಟ್. ಸಾಲದ್ದಕ್ಕೆ ನಮ್ಮ ಹೊಸನಗರದ ಸುತ್ತ ಮಾಣಿ, ಚಕ್ರಾ, ಸಾವೇಹಕ್ಕಲು ಎಂದು ಇನ್ನಷ್ಟು ಅಣೆಕಟ್ಟುಗಳು. ನಾಡಿಗೆಲ್ಲ ಬೆಳಕು ಕೊಡಲು ಗದ್ದೆ ತೋಟ ಮುಳುಗಿಸಿಕೊಂಡ ಸೀಮೆ ನಮ್ಮದು.

ಇಷ್ಟೆಲ್ಲ ಇದ್ದೂ, ಆಷಾಢದ ಗಾಳಿ ಎದ್ದಿತೆಂದರೆ ನಮ್ಮ ಮನೆಯಲ್ಲಿ ಮೊದಲು ಹುಡುಕುವುದು ಬೆಂಕಿಪೊಟ್ಟಣವನ್ನು! ಅದು ಯಾರ ತಪ್ಪೂ ಅಲ್ಲ ಎನ್ನಿ. ಕಾಡಿನ ನಡುವೆ ಹಾದು ಬರುವ ತಂತಿ. ಒಂದು ಕೊಂಬೆ ಮುರಿದು ಬಿದ್ದರೂ ಸಾಕು. ಲೈನ್‌ಮನ್ನರು ಹಳ್ಳ ದಾಟಿ ಬಂದು, ಮರ ಕಡಿಸಿ, ತಂತಿ ಎಳೆದು ಕಟ್ಟುವ ಹೊತ್ತಿಗೆ ಎರಡು ದಿನವೂ ಆದೀತು, ನಾಲ್ಕು ದಿನವೂ ಆದೀತು. ಚಿಮಣಿ ಬುಡ್ಡಿ ಇಟ್ಟುಕೊಂಡು ದೋಸೆ ಹೊಯ್ಯುವುದು ನಮಗೇನೂ ಹೊಸತಲ್ಲ. ಬೀಸುವ ಕಲ್ಲು, ಒರಳು ಎಲ್ಲ ಇನ್ನೂ ಮನೆಯಲ್ಲೇ ಇವೆ.

ಆದರೆ ನಮ್ಮ ಅತ್ತೆಯವರಿಗೆ ದಮ್ಮು. ಮಳೆಗಾಲದ ಥಂಡಿಗೆ ಅದು ಕೆರಳಿದರೆ ರಾತ್ರಿಯಿಡೀ ಗೋಡೆಗೆ ಒರಗಿ ಕೂತೇ ಇರಬೇಕು. ಡಾಕ್ಟರು ಮನೆಯಲ್ಲಿ ನೆಬ್ಯುಲೈಸರ್ ಇಟ್ಟುಕೊಳ್ಳಲು ಹೇಳಿದರು. ಔಷಧಿಯನ್ನು ಹೊಗೆಯ ಹಾಗೆ ಮಾಡಿ ಮೂಗುಬಾಯಿಗೆ ಕೊಡುವ ಚಿಕ್ಕ ಯಂತ್ರ ಅದು. ಹದಿನೈದು ನಿಮಿಷ ಕೊಟ್ಟರೆ ಅವರ ಉಸಿರು ಸಲೀಸಾಗುತ್ತದೆ. ಆದರೆ ಕರೆಂಟಿಲ್ಲದೆ ಅದೊಂದು ಪ್ಲಾಸ್ಟಿಕ್ಕಿನ ಡಬ್ಬಿ ಅಷ್ಟೆ. ಮೂರು ವರ್ಷದ ಹಿಂದಿನ ಒಂದು ರಾತ್ರಿ, ಕರೆಂಟು ಹೋಗಿ ಎರಡನೆಯ ದಿನ, ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಬಿದ್ದ ಮರ ಕಡಿಯುವ ತನಕ ಒಂದು ಗಂಟೆ ನಿಂತಲ್ಲೇ ನಿಂತಿದ್ದೆವು. ಆ ಒಂದು ಗಂಟೆಯನ್ನು ನಾನು ವರ್ಣಿಸಲಾರೆ. ಅವರು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ನಮ್ಮವರು, "ಏನಾದರಾಗಲಿ, ಈ ವರ್ಷ ಸೋಲಾರ್ ಹಾಕಿಸಿಯೇ ಸೈ" ಎಂದರು.

ಹಾಗೆ ಅಂದದ್ದೇ ತಡ, ಸೋಲಾರ್ ಕಂಪೆನಿಯೊಂದರ ಹುಡುಗ ಬಂದು ಜಗುಲಿಯ ಮೇಲೆ ಕುಳಿತ. ಕೈಯಲ್ಲಿ ಬಣ್ಣಬಣ್ಣದ ಪುಸ್ತಕ. "3 ಕಿಲೋವ್ಯಾಟ್ ಹಾಕಿಸಿ ಸಾರ್, 78 ಸಾವಿರ ಸಬ್ಸಿಡಿ ಬರುತ್ತೆ. ಇನ್ನು ಕರೆಂಟಿನ ಚಿಂತೆಯೇ ಇಲ್ಲ" ಎಂದ. ಸಬ್ಸಿಡಿಯ ಮಾತು ಸುಳ್ಳಲ್ಲ. ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆ ಮಾಡಿನ ಮೇಲಿನ ಸೋಲಾರಿಗೆ 1 ಕಿಲೋವ್ಯಾಟಿಗೆ 30 ಸಾವಿರ, 2 ಕಿಲೋವ್ಯಾಟಿಗೆ 60 ಸಾವಿರ, 3 ಮತ್ತು ಅದಕ್ಕೂ ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನ ಇಟ್ಟಿದ್ದಾರೆ. ನಮ್ಮವರು ಪೆನ್ನು ಹುಡುಕತೊಡಗಿದರು.

ಕಾಫಿ ಕೊಡಲು ಬಂದ ನನಗೆ ಸಾಗರದ ತಂಗಿಯ ಮನೆಯಲ್ಲಿ ಕಂಡದ್ದು ನೆನಪಾಯಿತು. ಅವಳ ಮನೆಯ ತಾರಸಿಯ ಮೇಲೆ ಆರು ಪ್ಯಾನೆಲ್‌ಗಳಿವೆ. ಹಿಂದಿನ ಬೇಸಿಗೆಯಲ್ಲಿ ಹೋಗಿದ್ದಾಗ ಮಟಮಟ ಮಧ್ಯಾಹ್ನ ಬೀದಿಯ ಕರೆಂಟು ಹೋಯಿತು. ತಲೆ ಸುಡುವ ಬಿಸಿಲು, ತಾರಸಿಯ ತುಂಬ ಪ್ಯಾನೆಲ್ಲು. ಆದರೂ ಮನೆಯೊಳಗಿನ ಫ್ಯಾನು ನಿಂತೇಹೋಯಿತು! "ಇದೇನೇ ಇದು?" ಎಂದರೆ ತಂಗಿ, "ಇದು ಹೀಗೇ ಅಕ್ಕಾ. ಲೈನಿನ ಕರೆಂಟು ಇದ್ದರೆ ಇದೂ ಇರೋದು, ಅದು ಹೋದರೆ ಇದೂ ಹೋಗೋದು" ಎಂದು ಬೀಸಣಿಗೆ ಕೈಗೆ ಕೊಟ್ಟಳು.

ಹಾಗಾಗಿ ನಾನು ಆ ಹುಡುಗನನ್ನು ಕೇಳಿದೆ: "ಅಲ್ಲಪ್ಪಾ, ಲೈನಿನ ಕರೆಂಟು ನಾಲ್ಕು ದಿನ ಹೋದರೆ ನಿನ್ನ ಈ ಸೋಲಾರಿನಲ್ಲಿ ದೀಪ ಉರಿಯುತ್ತದೋ ಇಲ್ಲವೋ?" ಅವನು ಕಂಪೆನಿಯ ಸರ್ವೀಸು ಎಷ್ಟು ಚೆನ್ನಾಗಿದೆ ಎಂದು ಹೇಳಿದ. ನಾನು ಮತ್ತೆ ಅದನ್ನೇ ಕೇಳಿದೆ. ಪ್ಯಾನೆಲ್ಲಿಗೆ ಇಪ್ಪತ್ತೈದು ವರ್ಷ ಗ್ಯಾರಂಟಿ ಎಂದ. ಮೂರನೆಯ ಸಲ ಕೇಳಿದಾಗ, "ಅದಕ್ಕೆ ಬೇರೆ ಥರದ್ದು ಹಾಕಬೇಕಾಗುತ್ತಮ್ಮ" ಎಂದು ಒಪ್ಪಿಕೊಂಡ. ನಮ್ಮವರ ಪೆನ್ನು ಜೇಬಿಗೆ ಹೋಯಿತು.

ಅಂದೇ ನಿಶ್ಚಯಿಸಿದೆ, ಈ 'ಬೇರೆ ಥರ' ಎಂದರೆ ಏನೆಂದು ತಿಳಿದುಕೊಳ್ಳದೆ ಒಂದು ತಂತಿಯನ್ನೂ ಮನೆಯೊಳಗೆ ಬಿಡಬಾರದು ಎಂದು. ನನ್ನ ವಿದ್ಯೆ ಎಸ್.ಎಸ್.ಎಲ್.ಸಿ.ಗೇ ಮುಗಿಯಿತು. ಮಗ ಈಗ ಹತ್ತನೆಯ ತರಗತಿ. ಅವನ ವಿಜ್ಞಾನದ ಪುಸ್ತಕದಲ್ಲಿ ವಿದ್ಯುತ್ತಿನ ಪಾಠ ಇತ್ತು. ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ ಅವನೂ ನಾನೂ ಒಟ್ಟಿಗೇ ಓದಲು ಕೂತೆವು. "ಅಮ್ಮಾ, ನೀನೇ ಪರೀಕ್ಷೆಗೆ ಕೂತ್ಕೋ" ಎಂದು ಅವನ ತಮಾಷೆ. ಪುಸ್ತಕದಲ್ಲಿ ತಿಳಿಯದ್ದನ್ನು ನಮ್ಮ ಕಡೆ ಸೋಲಾರ್ ರಿಪೇರಿಗೆ ಓಡಾಡುವ ಒಬ್ಬ ಮೆಕ್ಯಾನಿಕ್ ಹುಡುಗನ ಹತ್ತಿರ ಕೇಳಿ ತಿಳಿದೆ. ಆ ಹುಡುಗನಿಗೆ ತಾಳ್ಮೆ ಬಹಳ. ನಾನು ತಿಳಿದುಕೊಂಡದ್ದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ.

ಬಿಸಿಗಲ್ಲ, ಬೆಳಕಿಗೆ

ಸೋಲಾರ್ ಎಂದರೆ ಎರಡು ಬಗೆ. ಸ್ನಾನದ ನೀರು ಕಾಯಿಸುವುದು ಒಂದು. ಅದಕ್ಕೆ ಬೇಕಾದ್ದು ಬಿಸಿಲಿನ ಬಿಸಿ. ದೀಪ ಉರಿಸುವುದು ಇನ್ನೊಂದು. ಅದಕ್ಕೆ ಬೇಕಾದ್ದು ಬಿಸಿಲಿನ ಬೆಳಕು. ಪ್ಯಾನೆಲ್ ತೀರ ಬಿಸಿಯಾದರೆ ಅದರ ಕರೆಂಟು ಸ್ವಲ್ಪ ಕಡಿಮೆಯೇ ಆಗುತ್ತದಂತೆ. ಮಳೆ ಬಿಟ್ಟ ಮೇಲೆ ಬರುವ ತಂಪು ಹವೆಯ ಚುರುಕು ಬಿಸಿಲು ಅದಕ್ಕೆ ಬಲು ಪ್ರೀತಿ.

ಪ್ಯಾನೆಲ್ಲಿನೊಳಗೆ ಕಪ್ಪು-ನೀಲಿ ಬಿಲ್ಲೆಗಳಿರುತ್ತವಲ್ಲ, ಅವು ಸಿಲಿಕಾನಿನವು. ಮರಳಿನಲ್ಲಿ ಇರುವ ವಸ್ತುವನ್ನೇ ಶುದ್ಧಮಾಡಿ ಮಾಡಿದ್ದು. ಒಂದೊಂದು ಬಿಲ್ಲೆಯಲ್ಲೂ ಎರಡು ಪದರ. ಎರಡರ ನಡುವಿನ ಗಡಿ ಒಂದೇ ಕಡೆಗೆ ತೆರೆಯುವ ಬಾಗಿಲಿನ ಹಾಗೆ. ಕೊಟ್ಟಿಗೆಯ ಕರುಗಳನ್ನು ನೆನಪುಮಾಡಿಕೊಳ್ಳಿ. ಬೆಳಕು ಬಿದ್ದಾಗ ಸಿಲಿಕಾನಿನಲ್ಲಿ ಕಟ್ಟಿಹಾಕಿದ್ದ ಎಲೆಕ್ಟ್ರಾನ್ ಎಂಬ ಕರುಗಳ ಹಗ್ಗ ಬಿಚ್ಚಿಹೋಗುತ್ತದೆ. ಅವು ಆ ಬಾಗಿಲು ನೂಕಿ ಆಚೆಗೆ ಬರುತ್ತವೆ. ಮತ್ತೆ ಒಳಗೆ ಹೋಗೋಣವೆಂದರೆ ಆ ಬಾಗಿಲು ಹಿಂದಕ್ಕೆ ತೆರೆಯದು. ಅಂಗಳ ಸುತ್ತಿ ಹಿತ್ತಿಲ ದಾರಿಯಿಂದಲೇ ಬರಬೇಕು. ಆ ಸುತ್ತುದಾರಿಯೇ ತಂತಿ. ಆ ದಾರಿಯಲ್ಲಿ ಓಡುವಾಗ ನಮ್ಮ ದೀಪ ಬೆಳಗಿ, ಫ್ಯಾನು ತಿರುಗಿಸಿ ಮನೆಗೆ ಮರಳುತ್ತವೆ. ಬೆಳಕು ಇರುವಷ್ಟು ಹೊತ್ತು ಹಗ್ಗ ಬಿಚ್ಚುತ್ತಲೇ ಇರುತ್ತದೆ, ಓಟ ನಡೆದೇ ಇರುತ್ತದೆ. ಉರಿಯುವುದು ಸುಡುವುದು ಯಾವುದೂ ಇಲ್ಲ. ಹೊಗೆ ಇಲ್ಲ, ಸದ್ದಿಲ್ಲ.

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಮೊದಲು ಕಂಡವರು ಫ್ರಾನ್ಸಿನ ಬೆಕೆರೆಲ್ ಎಂಬವರು. ಅದು ಉಪಯೋಗಕ್ಕೆ ಬರುವಂತಾದದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ, 1954ರಲ್ಲಿ. ಆಗ ನೂರು ಪಾಲು ಬೆಳಕಿನಲ್ಲಿ ಸುಮಾರು ಆರು ಪಾಲು ಮಾತ್ರ ಕರೆಂಟಾಗುತ್ತಿತ್ತು. ಈಗಿನವು ಸುಮಾರು ಇಪ್ಪತ್ತು ಪಾಲು ಕೊಡುತ್ತವೆ. ಮೊದಮೊದಲು ಇವುಗಳ ಬೆಲೆ ಎಷ್ಟಿತ್ತೆಂದರೆ ಆಕಾಶಕ್ಕೆ ಹಾರಿಸುವ ಉಪಗ್ರಹಗಳಿಗೆ ಮಾತ್ರ ಹಾಕುತ್ತಿದ್ದರು. 1975ರ ನಮ್ಮ 'ಆರ್ಯಭಟ'ದ ಮೈತುಂಬ ಇದ್ದದ್ದೂ ಇವೇ. ಆಕಾಶದಲ್ಲಿದ್ದದ್ದು ಈಗ ನಮ್ಮ ಕೊಟ್ಟಿಗೆಯ ಮಾಡಿಗೆ ಬಂದಿದೆ!

ಒಂದು ಬಿಲ್ಲೆಯಿಂದ ಬರುವುದು ಸುಮಾರು ಅರ್ಧ ವೋಲ್ಟ್ ಅಷ್ಟೆ. ಅದಕ್ಕೇ ಸರ ಪೋಣಿಸಿದಂತೆ ಸಾಲಾಗಿ ಜೋಡಿಸುತ್ತಾರೆ; 12 ವೋಲ್ಟಿನ ಬ್ಯಾಟರಿಗೆ ಬೇಕಾದ ಪ್ಯಾನೆಲ್ಲಿನಲ್ಲಿ 36 ಬಿಲ್ಲೆ. ಈ ವೋಲ್ಟು ಆಂಪಿಯರು ಎಂದರೆ ನನಗೆ ಮೊದಲು ತಲೆ ತಿರುಗುತ್ತಿತ್ತು. ಗುಡ್ಡದಿಂದ ಅಡಿಕೆ ದಂಬೆಯಲ್ಲಿ ಮನೆಗೆ ನೀರು ತರುವುದನ್ನು ನೆನೆದ ಮೇಲೆ ಸುಲಭವಾಯಿತು. ನೀರು ಎಷ್ಟು ಎತ್ತರದಿಂದ ಬರುತ್ತದೆ ಎಂಬುದು ವೋಲ್ಟು. ಎಷ್ಟು ದಪ್ಪಗೆ ಬರುತ್ತದೆ ಎಂಬುದು ಆಂಪಿಯರು. ಎರಡನ್ನೂ ಗುಣಿಸಿದರೆ ವ್ಯಾಟು. ಸಾವಿರ ವ್ಯಾಟನ್ನು ಒಂದು ಗಂಟೆ ಬಳಸಿದರೆ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ಟು.

ಸಾಲಾಗಿ ಜೋಡಿಸಿದ್ದರಿಂದ ಒಂದು ತೊಂದರೆಯೂ ಇದೆ. ಮದುವೆ ಮನೆಯಲ್ಲಿ ಬಾವಿಯಿಂದ ಅಡಿಗೆಮನೆಯ ತನಕ ಸಾಲಾಗಿ ನಿಂತು ಕೊಡ ಸಾಗಿಸುತ್ತೇವಲ್ಲ, ನಡುವೆ ಒಬ್ಬಳು ತೂಕಡಿಸಿದರೆ ಸಾಲೇ ನಿಲ್ಲುತ್ತದೆ. ಹಾಗೆಯೇ ಒಂದೆರಡು ಬಿಲ್ಲೆಗಳ ಮೇಲೆ ಅಡಿಕೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಕುಗ್ಗುತ್ತದೆ. ಈಗಿನ ಪ್ಯಾನೆಲ್‌ಗಳಲ್ಲಿ ಇದಕ್ಕೆ ಸ್ವಲ್ಪ ಉಪಾಯ ಮಾಡಿದ್ದಾರೆ, ಆದರೂ ನೆರಳು ನೆರಳೇ.

ಮೂರು ಮನೆ, ಮೂರು ಬಗೆ

ಈಗ 'ಬೇರೆ ಥರ'ದ ವಿಷಯ. ನಮ್ಮ ಬಳಗದ ಮೂರು ಮನೆಗಳಲ್ಲೇ ಮೂರು ಬಗೆಯೂ ಇವೆ.

ಮೊದಲನೆಯದು ನನ್ನ ತವರಿನದು. ಆಗುಂಬೆಯ ಕಡೆಯ ಆ ಮನೆಗೆ ಆಗ ಲೈನೇ ಬಂದಿರಲಿಲ್ಲ. ನನ್ನ ಮದುವೆಗೆ ಒಂದೆರಡು ವರ್ಷ ಮೊದಲು ಅಪ್ಪಯ್ಯ ಬ್ಯಾಂಕಿನಲ್ಲಿ ಸಾಲ ಮಾಡಿ ಎರಡು ದೀಪದ ಸೋಲಾರ್ ಹಾಕಿಸಿದರು. ಕರ್ನಾಟಕದ ಹಳ್ಳಿಗಳಿಗೆ ಇಂಥ ದೀಪಗಳನ್ನು ಕೊಂಡೊಯ್ಯಲು 1995ರಲ್ಲಿ ಹರೀಶ್ ಹಂದೆಯವರು ಜೊತೆಗಾರರೊಂದಿಗೆ ಸೆಲ್ಕೋ ಸಂಸ್ಥೆ ಕಟ್ಟಿದ್ದರು. ಬಡವರೂ ಕಂತಿನಲ್ಲಿ ಸಾಲ ತೀರಿಸಿ ದೀಪ ಹೊಂದಬಹುದು ಎಂದು ತೋರಿಸಿಕೊಟ್ಟದ್ದಕ್ಕೆ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಬಗೆಯಲ್ಲಿ ಇರುವುದು ಪುಟ್ಟ ಪ್ಯಾನೆಲ್ಲು, ಒಂದು ಬ್ಯಾಟರಿ, ನಡುವೆ ಒಂದು ಚಾರ್ಜ್ ಕಂಟ್ರೋಲರ್. ಈ ಕಂಟ್ರೋಲರ್ ಉಗ್ರಾಣದ ಬೀಗದ ಕೈ ಇಟ್ಟುಕೊಂಡ ಅಜ್ಜಿಯ ಹಾಗೆ. ಬ್ಯಾಟರಿ ತುಂಬಿದರೆ ಇನ್ನು ಸಾಕು ಎನ್ನುತ್ತದೆ, ತೀರ ಬರಿದಾಗುತ್ತ ಬಂದರೆ ಇನ್ನು ಕೊಡಲಾರೆ ಎನ್ನುತ್ತದೆ. ದೀಪಗಳು ಬ್ಯಾಟರಿಯ ಡಿ.ಸಿ. ಕರೆಂಟಿನಲ್ಲೇ ಉರಿಯುತ್ತವೆ. ಮಿಕ್ಸಿ ತಿರುಗದು. ಆದರೂ ಆ ಎರಡು ದೀಪದ ಬೆಳಕಿನಲ್ಲಿ ನನ್ನ ತಮ್ಮ ಓದಿ ಪಾಸಾದ.

ಎರಡನೆಯದು ಸಾಗರದ ತಂಗಿಯದು. ಅಲ್ಲಿ ಬ್ಯಾಟರಿಯೇ ಇಲ್ಲ. ಪ್ಯಾನೆಲ್ಲಿನ ಡಿ.ಸಿ. ಕರೆಂಟನ್ನು ಇನ್ವರ್ಟರ್ ಎಂಬ ಪೆಟ್ಟಿಗೆ ಮನೆ ಬಳಕೆಯ ಎ.ಸಿ. ಕರೆಂಟಾಗಿ ಮಾಡುತ್ತದೆ. ಮನೆಗೆ ಬೇಕಾದಷ್ಟು ಬಳಸಿ ಉಳಿದದ್ದು ಬೀದಿಯ ಲೈನಿಗೆ ಹೋಗುತ್ತದೆ, ಮೀಟರು ಹೋದದ್ದನ್ನೂ ಬಂದದ್ದನ್ನೂ ಬರೆದುಕೊಳ್ಳುತ್ತದೆ. ಹಾಲಿನ ಡೈರಿಗೆ ಬೆಳಿಗ್ಗೆ ಹಾಲು ಹಾಕಿ ಸಂಜೆ ಬೇಕಾದಾಗ ತಂದಂತೆ. ತಂಗಿಯ ಮನೆಯಲ್ಲಿ ಎರಡು ಹೊಲಿಗೆ ಯಂತ್ರ, ಪಂಪು, ಫ್ರಿಡ್ಜು ಎಲ್ಲ ಸೇರಿ ತಿಂಗಳಿಗೆ ಮುನ್ನೂರು ಯೂನಿಟ್ಟಿಗೂ ಮೇಲೆ. 2023ರಲ್ಲಿ ಬಂದ ಗೃಹಜ್ಯೋತಿಯ 200 ಯೂನಿಟ್ಟಿನ ಮಿತಿ ದಾಟಿದ್ದರಿಂದ ಪೂರ್ತಿ ಬಿಲ್ಲು ಕಟ್ಟಬೇಕಿತ್ತು. ಅವಳಿಗೆ ಇದು ಲಾಭವೇ. ಪೇಟೆಯಲ್ಲಿ ಕರೆಂಟು ಹೋದರೂ ಗಂಟೆಯೊಳಗೆ ಬರುತ್ತದೆ.

ಲೈನು ಹೋದಾಗ ಇದು ಯಾಕೆ ನಿಲ್ಲುತ್ತದೆ ಎಂದು ಮೆಕ್ಯಾನಿಕ್ ಹುಡುಗನನ್ನು ಕೇಳಿದೆ. ಅವನು ಹೇಳಿದ ಮಾತು ಮನಸ್ಸಿಗೆ ನಾಟಿತು. "ಅಮ್ಮಾ, ತಂತಿ ತುಂಡಾಗಿದೆ ಅಂತ ಲೈನ್‌ಮನ್ ಮೇನ್ ಆಫ್ ಮಾಡಿಸಿ ಕಂಬ ಹತ್ತಿರ್ತಾನೆ. ಆಗ ನಿಮ್ಮ ಮನೆ ಮಾಡಿನಿಂದ ಲೈನಿಗೆ ಕರೆಂಟು ಹೋದರೆ ಅವನ ಗತಿ?" ಅದಕ್ಕೇ ಆ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇದೆಯೇ ಎಂದು ಕ್ಷಣಕ್ಷಣಕ್ಕೂ ನೋಡುತ್ತಿರುತ್ತದೆ, ಇಲ್ಲವೆಂದು ಕಂಡ ಕೂಡಲೇ ತಾನೂ ನಿಲ್ಲುತ್ತದೆ. ಮಳೆಯಲ್ಲಿ ನಮಗಾಗಿ ಕಂಬ ಹತ್ತುವವನ ಹೆಂಡತಿ ಮಕ್ಕಳ ಪುಣ್ಯ ಅದು. ದೋಷ ಅನ್ನುವ ಹಾಗಿಲ್ಲ.

ಮೂರನೆಯದು ನಮಗೆ ಬೇಕಾದದ್ದು: ಬ್ಯಾಟರಿ ಇರುವ, ಲೈನಿಗೆ ಕರೆಂಟು ಕಳಿಸದ, ಲೈನು ಹೋದರೂ ನಡೆಯುವ ಸೋಲಾರ್. ಗೃಹಜ್ಯೋತಿಯಿಂದ ನಮ್ಮ ಬಿಲ್ಲು ಹೇಗೂ ಸೊನ್ನೆ. ನಮಗೆ ಬಿಲ್ಲು ಉಳಿಸುವ ಯಂತ್ರದಿಂದ ಆಗಬೇಕಾದ್ದೇನೂ ಇರಲಿಲ್ಲ, ಅತ್ತೆಯವರ ಉಸಿರು ಉಳಿಸುವ ಯಂತ್ರ ಬೇಕಿತ್ತು. ಪೇಟೆಯವರ ಹಾಗೆ ಬರೀ ಬ್ಯಾಟರಿ, ಇನ್ವರ್ಟರ್ ಇಟ್ಟುಕೊಂಡರೆ ಸಾಲದೇ ಎಂದು ನೀವು ಕೇಳಬಹುದು. ಒಂದು ದಿನಕ್ಕೆ ಸಾಕು. ಎರಡನೆಯ, ಮೂರನೆಯ ದಿನ ಆ ಬ್ಯಾಟರಿಗೆ ತುಂಬಿಸುವುದು ಏನನ್ನು? ಮಳೆಯ ನಡುವೆ ಮೋಡದ ಮಂಕು ಬೆಳಕಾದರೂ ಸರಿ, ಒಂದಿಷ್ಟು ಜಮಾ ಆಗುತ್ತಿರಬೇಕು.

ನನ್ನ ಲೆಕ್ಕದ ಪುಸ್ತಕ

ಹಾಲಿನ ಲೆಕ್ಕ, ದಿನಸಿ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ಬಿಟ್ಟುಕೊಂಡು ಕರೆಂಟಿನ ಲೆಕ್ಕ ಹಾಕಿದೆ. ಕರೆಂಟಿಲ್ಲದ ದಿನ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವಂಥದ್ದನ್ನು ಮಾತ್ರ ಬರೆದೆ. 9 ವ್ಯಾಟಿನ ಎಲ್.ಇ.ಡಿ. ದೀಪ ಆರು, ದಿನಕ್ಕೆ ಐದು ಗಂಟೆ: 270. ಮೊಬೈಲು, ಟಾರ್ಚು ಚಾರ್ಜಿಗೆ: 50. ನೆಬ್ಯುಲೈಸರ್ 150 ವ್ಯಾಟು, ಹದಿನೈದು ನಿಮಿಷದಂತೆ ದಿನಕ್ಕೆ ನಾಲ್ಕು ಸಲ: 150. ಟಿ.ವಿ. 60 ವ್ಯಾಟು, ಎರಡು ಗಂಟೆ: 120. ಮಿಕ್ಸಿ 500 ವ್ಯಾಟು, ಹತ್ತು ನಿಮಿಷ: 80. ಕೂಡಿದರೆ 670. ಮುಕ್ಕಾಲು ಯೂನಿಟ್ಟೂ ಇಲ್ಲ! ಹಾಲು ಕಾಯಿಸಿದರೆ ಸ್ವಲ್ಪ ಇಂಗುವ ಹಾಗೆ ಇನ್ವರ್ಟರಿನಲ್ಲೂ ಬ್ಯಾಟರಿಯಲ್ಲೂ ಒಂದಷ್ಟು ನಷ್ಟವಾಗುತ್ತದೆ. ಅದನ್ನೂ ಸೇರಿಸಿ ದಿನಕ್ಕೆ 900 ಎಂದು ಇಟ್ಟುಕೊಂಡೆವು.

ನಮ್ಮವರು ಫ್ರಿಡ್ಜನ್ನೂ ಸೇರಿಸೋಣ ಎಂದರು. ಬೇಡವೆಂದೆ. ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯೇ ಫ್ರಿಡ್ಜಿನ ಹಾಗಿರುತ್ತದೆ. ಇಸ್ತ್ರಿಪೆಟ್ಟಿಗೆ, ಗೀಸರು, ಪಂಪು ಎಲ್ಲಕ್ಕೂ ನಮಸ್ಕಾರ. ಬಚ್ಚಲ ಒಲೆ ಇದೆ, ಸೌದೆ ಇದೆ. ಶಾಖ ಕೊಡುವ ಯಂತ್ರಗಳು ಬ್ಯಾಟರಿಯನ್ನು ನುಂಗಿ ನೀರು ಕುಡಿಯುತ್ತವೆ ಎಂಬ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು.

ಈಗ ಬ್ಯಾಟರಿ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಎಂದರೆ 1800. ಎರಡಿದ್ದರೆ 3600. ಆದರೆ ಆಸಿಡ್ಡಿನ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯುಷ್ಯ ಕಡಿಮೆ. ಆದ್ದರಿಂದ ಕೈಗೆ ಸಿಗುವುದು 1800, ಅಂದರೆ ಎರಡು ದಿನದ ಖರ್ಚು. ಲಿಥಿಯಂ ಬ್ಯಾಟರಿಯಾದರೆ ಇನ್ನೂ ಹೆಚ್ಚು ಇಳಿಸಬಹುದು, ಆದರೆ ಕೊಳ್ಳುವಾಗ ಬೆಲೆ ಹೆಚ್ಚು. ನಾವು ಆಸಿಡ್ಡಿನ ಟ್ಯೂಬುಲರ್ ಬ್ಯಾಟರಿಯನ್ನೇ ಆರಿಸಿದೆವು.

ಪ್ಯಾನೆಲ್ ಎಷ್ಟು? ಬಯಲುಸೀಮೆಯ ಪುಸ್ತಕದ ಲೆಕ್ಕ ನಮಗೆ ಒಗ್ಗದು. 1 ಕಿಲೋವ್ಯಾಟ್ ಪ್ಯಾನೆಲ್ಲಿನಿಂದ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟಿನಷ್ಟು ಬರುತ್ತದೆ ಎನ್ನುತ್ತಾರೆ. ಪಾವಗಡದಲ್ಲಿ ಸಾವಿರಾರು ಎಕರೆಯಲ್ಲಿ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕನ್ನು ಸುಮ್ಮನೆ ಕಟ್ಟಿದ್ದಾರೆಯೇ, ಅಲ್ಲಿ ಮೋಡವೇ ಅಪರೂಪ. ನಮ್ಮಲ್ಲಿ ಮಾಘ ಮಾಸದ ಬಿಸಿಲನ್ನು ನೋಡಿ ಆಷಾಢಕ್ಕೆ ಲೆಕ್ಕ ಹಾಕಿದರೆ ಕೆಟ್ಟೆವು. ಸಂಬಳದಲ್ಲಿ ಅತಿ ಕಡಿಮೆ ಬರುವ ತಿಂಗಳನ್ನು ನೋಡಿಕೊಂಡು ಸಂಸಾರ ಹೂಡಬೇಕು, ಅಲ್ಲವೇ? ಮಳೆಗಾಲದ ಕಪ್ಪು ದಿನಗಳಲ್ಲಿ ಒಂದು ಯೂನಿಟ್ಟು ಬಂದರೆ ಪುಣ್ಯ ಎಂದ ಮೆಕ್ಯಾನಿಕ್ ಹುಡುಗ. ನಮ್ಮ ಖರ್ಚು ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದದ್ದರಿಂದ 1 ಕಿಲೋವ್ಯಾಟ್ ಸಾಕೆಂದು ತೀರ್ಮಾನವಾಯಿತು.

ಎಲ್ಲಿ ಕೂರಿಸುವುದು ಎಂಬ ಚರ್ಚೆಯಲ್ಲಿ ಗಂಡಸರು ಮನೆಯ ಹಂಚಿನ ಮಾಡನ್ನೇ ನೋಡುತ್ತ ನಿಂತಿದ್ದರು. ನಾನು ಕೊಟ್ಟಿಗೆಯ ಮಾಡನ್ನು ತೋರಿಸಿದೆ. ಇಪ್ಪತ್ತು ವರ್ಷದಿಂದ ಅದರ ಮುಂದೆ ಹಲಸಿನ ಹಪ್ಪಳ ಒಣಗಿಸಿದವಳು ನಾನು. ಬೆಳಿಗ್ಗೆ ಒಂಬತ್ತರಿಂದ ಮೂರರ ತನಕ ಎಲ್ಲಿ ನೆರಳು ಬರುವುದಿಲ್ಲ, ದಕ್ಷಿಣಾಯನದಲ್ಲಿ ತೆಂಗಿನ ಮರದ ನೆರಳು ಎಲ್ಲಿ ತನಕ ಚಾಚುತ್ತದೆ ಎಂದು ನನ್ನ ಹಪ್ಪಳದ ಚಾಪೆಗೆ ಗೊತ್ತು! ಹುಡುಗ ಏನೋ ಸಾಧನ ಹಿಡಿದು ನೋಡಿ, "ಅಮ್ಮ ಹೇಳಿದ್ದೇ ಸರಿ" ಎಂದ. ವರ್ಷದ ಹೆಚ್ಚು ಭಾಗ ಸೂರ್ಯ ನಮಗೆ ದಕ್ಷಿಣದ ಕಡೆಗೇ ಇರುವುದರಿಂದ ಪ್ಯಾನೆಲ್ಲಿನ ಮುಖ ದಕ್ಷಿಣಕ್ಕೆ. ನಮ್ಮ ಅಕ್ಷಾಂಶ ಸುಮಾರು 14 ಡಿಗ್ರಿ. ಅಷ್ಟಕ್ಕಿಂತ ತುಸು ಹೆಚ್ಚೇ ಓರೆ ಮಾಡಿದರು, ಎಲೆ, ಕಸ ಮಳೆಗೆ ಜಾರಿಹೋಗಲಿ ಎಂದು. ಸಿಡಿಲಿನ ಸೀಮೆಯಾದ್ದರಿಂದ ಅರ್ಥಿಂಗ್ ತಂತಿಯನ್ನು ಸರಿಯಾಗಿ ನೆಲಕ್ಕೆ ಇಳಿಸುವ ತನಕ ನಾನು ಅಲ್ಲಿಂದ ಕದಲಲಿಲ್ಲ.

ನಾಲ್ಕು ದಿನ

ಪರೀಕ್ಷೆಯ ಕಾಲ ಮುಂದಿನ ಆಷಾಢದಲ್ಲೇ ಬಂತು. ಒಂದು ಸಂಜೆ ಗಾಳಿಗೆ ಲೈನು ಹೋದದ್ದು ನಾಲ್ಕು ದಿನ ಬರಲಿಲ್ಲ. ಮೊದಲ ದಿನ ಎಲ್ಲವೂ ನಡೆಯಿತು, ಟಿ.ವಿ.ಯನ್ನೂ ನೋಡಿದೆವು. ಎರಡನೆಯ ದಿನ ಹಗಲೇ ದೀಪ ಹಚ್ಚುವಂಥ ಕಪ್ಪು ಮೋಡ. ಸಂಜೆ ನೋಡಿದರೆ ಅರ್ಧ ಯೂನಿಟ್ಟೂ ಜಮಾ ಆಗಿರಲಿಲ್ಲ. ಅತ್ತೆಯವರ ಉಸಿರಿನಲ್ಲಿ ಸಿಳ್ಳೆ ಶುರುವಾಗಿತ್ತು.

ನಾನು ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಟಿ.ವಿ. ಬಂದ್. ಮಿಕ್ಸಿ ಬಂದ್, ಚಟ್ನಿಗೆ ಒರಳು ಇದೆ. ದೀಪ ಆರರಲ್ಲಿ ಎರಡು ಮಾತ್ರ, ಅತ್ತೆಯವರ ಕೋಣೆಯಲ್ಲಿ ಒಂದು, ಅಡಿಗೆಮನೆಯಲ್ಲಿ ಒಂದು. ಇಷ್ಟು ಮಾಡಿದರೆ ದಿನದ ಖರ್ಚು ಮುನ್ನೂರರ ಆಸುಪಾಸಿಗೆ ಇಳಿಯುತ್ತದೆ, ಬಿಸಿಲು ಮುಖ ತೋರಿಸದಿದ್ದರೂ ನೆಬ್ಯುಲೈಸರಿಗೆ ಮೂರು ದಿನ ಮೋಸವಿಲ್ಲ. ಮಗ ಮುಖ ಊದಿಸಿಕೊಂಡ. ಅತ್ತೆಯವರು, "ಎಂತಕ್ಕೆ ಮಾರಾಯ್ತಿ, ನನ್ನ ಒಬ್ಬಳಿಗೋಸ್ಕರ ಎಲ್ಲರೂ ಕತ್ತಲೆಯಲ್ಲಿ ಕೂರೋದು?" ಎಂದರು. "ನಿಮ್ಮ ಒಬ್ಬರಿಗೋಸ್ಕರವೇ ಅತ್ತೆ ಇದನ್ನು ಹಾಕಿಸಿದ್ದು" ಎಂದೆ. ಆ ರಾತ್ರಿ ಎರಡು ಸಲ, ಮರುದಿನ ನಾಲ್ಕು ಸಲ ಯಂತ್ರ ಹಾಕಿದೆ. ಮೂರನೆಯ ದಿನ ಮಧ್ಯಾಹ್ನ ಮಳೆ ಎರಡು ಗಂಟೆ ಬಿಡುವು ಕೊಟ್ಟಿತು. ಮೋಡದ ಸಂದಿಯಿಂದ ಬಂದ ಆ ಬೆಳಕಿಗೆ ಮೀಟರಿನ ಅಂಕೆ ಏರುವುದನ್ನು ನಾನೂ ನಮ್ಮವರೂ ಗೋಡೆಗೆ ಒರಗಿ ನಿಂತು ನೋಡಿದೆವು. ನಾಲ್ಕನೆಯ ದಿನ ಸಂಜೆ ಲೈನ್‌ಮನ್ನರು ಕೆಸರು ಮೆತ್ತಿಕೊಂಡು ಬಂದರು. ಅವರಿಗೆ ಬಿಸಿಬಿಸಿ ಕಾಫಿ ಕೊಟ್ಟೆ. ಆ ಮಳೆಗಾಲದಲ್ಲಿ ಜೀಪು ಆಸ್ಪತ್ರೆಗೆ ಹೋಗಲಿಲ್ಲ.

ಲೆಕ್ಕ ಗೊತ್ತಿರದಿದ್ದರೆ ಇದೇ ಯಂತ್ರ ಇದ್ದೂ ಎರಡನೆಯ ರಾತ್ರಿ ನಾವು ಕತ್ತಲೆಯಲ್ಲಿರುತ್ತಿದ್ದೆವು. ಸೋಲಾರ್ ಹಾಕಿಸುವುದು ಒಂದು ದಿನದ ಕೆಲಸ, ನಡೆಸುವುದು ದಿನನಿತ್ಯದ ಸಂಸಾರ. ಅದು ಮನೆಯಲ್ಲಿರುವವರಿಗೇ ಬರಬೇಕು, ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್ಕನಿಗೆ ಗೊತ್ತಿದ್ದರೆ ಸಾಲದು.

ಹೆಂಗಸರಿಗೆ ಇದೆಲ್ಲ ತಲೆಗೆ ಹತ್ತದು ಎನ್ನುವವರಿಗೆ ಒಂದು ಮಾತು. ರಾಜಸ್ಥಾನದ ತಿಲೋನಿಯಾದಲ್ಲಿ 1972ರಲ್ಲಿ ಬಂಕರ್ ರಾಯ್ ಅವರು ಆರಂಭಿಸಿದ ಬೇರ್‌ಫುಟ್ ಕಾಲೇಜು ಎಂಬ ಸಂಸ್ಥೆ ಇದೆ. ನಮ್ಮ ಹಳ್ಳಿಗಳಿಂದಷ್ಟೇ ಅಲ್ಲ, ಆಫ್ರಿಕದಿಂದಲೂ ಅಕ್ಷರ ಬಾರದ ಅಜ್ಜಿಯರು ಅಲ್ಲಿಗೆ ಬಂದು ಬಣ್ಣದ ಗುರುತು, ಕೈಸನ್ನೆಗಳಿಂದಲೇ ಸೋಲಾರ್ ದೀಪ ಜೋಡಿಸುವುದನ್ನೂ ರಿಪೇರಿಯನ್ನೂ ಕಲಿತು, ಊರಿಗೆ ಮರಳಿ ದೀಪ ಹಚ್ಚಿದ್ದಾರೆ. ಅವರಿಗೆ ಬಂದದ್ದು ನಮಗೆ ಬಾರದೇ?

ಕೊನೆಯದಾಗಿ, ಸೋಲಾರ್ ಹಾಕಿಸುವ ಯೋಚನೆಯಲ್ಲಿರುವ ಸೋದರಿಯರಿಗೆ ನಾಲ್ಕು ಮಾತು. ನಿಮಗೆ ಬೇಕಾದ್ದು ಬಿಲ್ಲಿನ ಉಳಿತಾಯವೋ, ಕರೆಂಟು ಹೋದಾಗಿನ ಬೆಳಕೋ ಎಂದು ಮೊದಲು ಮನೆಯವರೆಲ್ಲ ಕೂತು ನಿಶ್ಚಯಿಸಿ. ಮಾರಲು ಬಂದವರನ್ನು "ಲೈನು ಹೋದರೆ ಉರಿಯುತ್ತದೆಯೇ?" ಎಂದು ಕೇಳಿ, ಉತ್ತರವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಪ್ಯಾನೆಲ್ಲನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬರಿಯ ನೀರು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಬೂದಿ, ನಾರು ಹಾಕಿ ಪಾತ್ರೆಯ ಹಾಗೆ ತಿಕ್ಕಬೇಡಿ, ಒದ್ದೆ ಹಂಚಿನ ಮೇಲೆ ಹತ್ತಲೇಬೇಡಿ. ಬೆಳಕಿರುವಷ್ಟು ಹೊತ್ತು ಪ್ಯಾನೆಲ್ಲಿನ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಆಸಿಡ್ಡಿನ ಬ್ಯಾಟರಿಗೆ ಬಾವಿಯ ನೀರು ಬೇಡ, ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರನ್ನೇ ಗುರುತಿನ ಮಟ್ಟಕ್ಕೆ ಹಾಕಿ. ಚಾರ್ಜಾಗುವಾಗ ಅದರಿಂದ ಬೆಂಕಿ ಹತ್ತುವ ಅನಿಲ ಬರುತ್ತದೆ, ಆದ್ದರಿಂದ ಗಾಳಿಯಾಡುವ ಜಾಗದಲ್ಲಿಡಿ. ದೇವರ ಕೋಣೆ, ಒಲೆಯ ಹತ್ತಿರ ಖಂಡಿತ ಬೇಡ.

ಮತ್ತೆ, ಒಂದು ಪುಸ್ತಕ ಇಟ್ಟು ದಿನವೂ ಸಂಜೆ ಮೀಟರು ನೋಡಿ ಬರೆದಿಡಿ. ಒಂದು ವರ್ಷ ತುಂಬುವ ಹೊತ್ತಿಗೆ ನಿಮ್ಮ ಅಂಗಳದ ಬಿಸಿಲಿನ ಜಮಾ ಎಷ್ಟು, ಖರ್ಚು ಎಷ್ಟು ಎಂಬುದು ನಿಮಗೆ ಅಕ್ಕಿ ಡಬ್ಬಿಯ ಅಳತೆಯಷ್ಟೇ ಸಲೀಸಾಗಿ ತಿಳಿದುಹೋಗುತ್ತದೆ.